ಇಂಚಿಗೊಂದು ಮೈಲಿ

ಕುಮಟೆಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ನಕ್ಷೆ.
ಬೆನ್ನಿಗೆ ಬಟ್ಟೆ ಅಂಟಿಸಿದ್ದು, ಎಂಟು ಮಡಿಕೆ.
ಮೂಲೆಯಲ್ಲಿ ಸಣ್ಣಕ್ಷರ: ಸರ್ವೆ ಮಾಡಿದ್ದು
ಸಾವಿರದ ಒಂಬೈನೂರ ನಾಲ್ಕರ ಚಳಿಗಾಲ.

ಅಘನಾಶಿನಿ ಇಲ್ಲಿ ಬೂದಿ ಬಣ್ಣ.
ಗುಡ್ಡಗಳಿಗೆ ಹೆಬ್ಬೆಟ್ಟಿನ ಗುರುತಿನಂಥ ಸುತ್ತುಗೆರೆ,
ಗಜನಿಗೆ ಬರೀ ಅಡ್ಡ ಗೀಟು. ಕಗ್ಗ ಭತ್ತದ
ಮುಳ್ಳು ಯಾವ ಮಸಿಗೂ ಹತ್ತಿಲ್ಲ.
ಜಂತ್ರಡಿಗೆ ಒಂದು ಗುರುತು. ದೋಣಿ ದಾಟುವಲ್ಲಿ ಚುಕ್ಕಿಸಾಲು.
ಅದರಾಚೆ ಶಿಪ್ಪಿಕುರ್ವೆ. ಹೆಸರಿನ ನಡುವೆಯೇ ಮಡಿಕೆ ಬಿದ್ದು
ಅರ್ಧ ಇಂಗ್ಲಿಷು ಈ ದಡ, ಅರ್ಧ ಆ ದಡ.
ಮನೆಗಳೆಂದರೆ ಹನ್ನೊಂದು ಕಪ್ಪು ಚೌಕ,
ಎಳ್ಳಿಗಿಂತ ಸಣ್ಣವು. ಭೂತಗನ್ನಡಿ ಹಿಡಿದು
ಎರಡೆರಡು ಸಲ ಎಣಿಸಿದೆ.

ಈಗ ಅಲ್ಲಿ ಕಾಂಡ್ಲ. ಏರಿ ಒಡೆದ ಸಿಗಡಿ ಕೆರೆ.
ಮೊಣಕಾಲುದ್ದದ ಕೆಸರಿನಲ್ಲಿ ಹುಡುಕಿದವನಿಗೆ
ಸಿಕ್ಕಿದ್ದು ಒಂದು ಒರಳುಕಲ್ಲು, ಅಂಗಾತ;
ಕುಳಿಯಲ್ಲಿ ಉಪ್ಪುನೀರು, ಒಂದು ಏಡಿಮರಿ.

ಮಂಕಾಳಜ್ಜಿ ದಡದಲ್ಲಿ ಬೆಳಚು ಆರಿಸುತ್ತಿದ್ದಳು.
ಹುಟ್ಟಿದ್ದು ಕುರ್ವೆಯಲ್ಲಿ, ಮದುವೆಯಾಗಿ ಈ ದಡ.
ನಕ್ಷೆ ಹಾಸಿದೆ. ಓದು ಬಾರದು. ಮೊದಲು ಕೇಳಿದ್ದು:
“ಇದ ಬರೆವಾಗ ನೀರು ಭರ್ತಿಯೋ, ಇಳಿತವೋ?”
ಮೂಲೆ ಮೂಲೆ ಹುಡುಕಿದೆ. ಮೈಲಿಯ ಪಟ್ಟಿಯಿತ್ತು,
ಉತ್ತರದ ಬಾಣವಿತ್ತು. ಅದಿರಲಿಲ್ಲ.
“ಹಂಗಾರೆ ಈ ಗೆರೆ ಅಷ್ಟೊತ್ತಿಂದು ಮಾತ್ರ.
ಆರು ತಾಸು ಕಳೆದ್ರೆ ನಮ್ಮ ಅಂಗಳವೇ ಬೇರೆ.”

ತವರು ಯಾವುದು, ಕೊಟ್ಟ ಮನೆ ಯಾವುದು ಕೇಳಿ
ನಡುವೆ ಉಗುರಿಟ್ಟಳು. ಉಗುರೇ ದೊಡ್ಡದಾಯಿತು.
“ಇಷ್ಟಕ್ಕಾ ನಾನು ದೋಣಿ ತುಂಬ ಅತ್ತದ್ದು!”
ನಕ್ಕ ನಗೆಗೆ ಬುಟ್ಟಿಯ ಬೆಳಚೂ ಗಲಗಲ ಎಂದವು.

ಆಮೇಲೆ, ಮನೆ ಎಷ್ಟು ಬರೆದಿದ್ದಾನೆ ಎಂದಳು.
ಹನ್ನೊಂದು ಎಂದೆ. “ಹನ್ನೆರಡು.”
ಬಾವಿಕಡೆ ಮನೆ, ಹೊಯ್ಗೆ ಮನೆ, ಕುಂಟ ಬೊಮ್ಮನದು…
ಹತ್ತೂ ಬೆರಳು ಮುಗಿದು ಮೊಣಕೈ ಮುಟ್ಟಿದಳು.
“ಅಂವ ಮೂರುಕಾಲಿನ ಹಲಗೆ ಹೂಡಿದ್ದು ನಮ್ಮ ಅಂಗಳದಲ್ಲಂತೆ,
ಉಂಡದ್ದು ನಮ್ಮ ಜಗಲಿಯಲ್ಲಂತೆ, ಗಂಜಿಗೆ ಹುರಿದ ನೊಗ್ಲಿ.
ತಾನು ಕೂತ ಮಾಡು ಯಾವನ ಕಣ್ಣಿಗೆ ಬೀಳ್ತದೆ?”

ಎಲ್ಲಿತ್ತು ತೋರಿಸು ಎಂದು ಪೆನ್ಸಿಲ್ ಕೊಟ್ಟೆ.
ಬೇಡವೆಂದಳು. ಹೆಬ್ಬೆರಳು ಒತ್ತಿದ್ದು
ಸರಿಯಾಗಿ ಮಡಿಕೆಯ ಮೇಲೆ,
ಕಾಗದ ಸವೆದು ಬಟ್ಟೆಯಷ್ಟೇ ಉಳಿದಲ್ಲಿ.

ಎತ್ತಿದಾಗ ಒದ್ದೆ. ಆರಿದ ಮೇಲೆ ಉಪ್ಪಿನ ಬಿಳಿ ಕಲೆ.
ರಾತ್ರಿ ಅದಕ್ಕೆ ಪಟ್ಟಿಯಿಟ್ಟು ಅಳೆದೆ:
ಮುಕ್ಕಾಲು ಮೈಲಿ.
ಇಡೀ ಕುರ್ವೆಗಿಂತ ದೊಡ್ಡದು.