ಹಿತ್ತಿಲ ಬಾಗಿಲು

ವಿಶ್ವವಿದ್ಯಾಲಯದಿಂದ ರುಕ್ಸಾರ್ ಬಂದಿದ್ದಳು
ಬ್ರಹ್ಮಪುರದ ನಮ್ಮ ಓಣಿಗೆ, ಮಟಮಟ ಮಧ್ಯಾಹ್ನ.
ಕೈಯಲ್ಲಿ ಫಾರಂ. ಮೊದಲ ಸಾಲಿಗೇ ಎರಡು ಚೌಕ:
ಗಂಡು, ಹೆಣ್ಣು.
ಆಮೇಲೆ ಪ್ರಶ್ನೆ: ಸರಿ ಯಾವುದು, ತಪ್ಪು ಯಾವುದು
ತಿಳಿಯದೇ ಹೋದ ಒಂದು ದಿನ ಹೇಳಿ.

ಅಪ್ಪ ಗಂಜಿನಲ್ಲಿ ಮೂವತ್ತು ವರ್ಷ ತೂಕದವನು.
ತಡವರಿಸಲಿಲ್ಲ.
"ಕಸ ಹೊಡಿಯೋ ಜಗದೇವಿ ಸೆರಗಿನ್ಯಾಗ
ತೊಗರಿ ಕಟ್ಕೊಂಡು ಹೊಂಟಿದ್ಳು.
ಕಾಟಾಕ್ಕ ಇಟ್ಟೆ. ಎರಡು ಕಿಲೋ ನೂರು ಗ್ರಾಂ.
ವಹಿಯೊಳಗ ಹೆಸರು ಬರ್ದೆ.
ಬರೀಲಿಲ್ಲಂದ್ರ ನಾಳಿ ಮುಳ್ಳಿನ ಮ್ಯಾಲ ಯಾರಿಗಿ ನಂಬಿಕಿ?"

ಒಳಗಿಂದ ಅವ್ವ, ರೊಟ್ಟಿ ಬಡಿಯುತ್ತಲೇ:
"ಅವತ್ತ ಸಂಜಿಗೆ ಅಕಿ ಹಿತ್ತಲ ಬಾಗಿಲಿಗೆ ಬಂದಿದ್ಳು,
ಅದನ್ನೂ ಬರ್ಕೊ ತಾಯಿ.
ಕದ್ದೀಯೇನು ಅಂತ ಕೇಳ್ಲಿಲ್ಲ ನಾ.
ಮನ್ಯಾಗ ಎಷ್ಟು ಮಂದಿ, ಒಲಿ ಹಚ್ಚೀಯೇನು, ಇಷ್ಟೇ.
ಎರಡು ಕಿಲೋ ಅಳದು ಕೊಟ್ಟೆ.
ಮ್ಯಾಲಿನ ನೂರು ಗ್ರಾಂ ಕೊಡ್ಲಿಲ್ಲ,
ನಮಗೂ ಬ್ಯಾಳಿ ಸಾಲ್ತಿರಲಿಲ್ಲ."

ಅಪ್ಪ ಬಸಿ ಕೆಳಗಿಟ್ಟ.
ಹದಿನಾಲ್ಕು ವರ್ಷ ಅವನಿಗದು ಗೊತ್ತಿರಲಿಲ್ಲ.
ರುಕ್ಸಾರಳ ಪೆನ್ನು ಮಾತ್ರ ಸರಾಗ ಓಡಿತು,
ಎರಡು ಚೌಕಕ್ಕೆ ಎರಡು ಉತ್ತರ ಸಿಕ್ಕಂತೆ.

ನಾನು ಹೇಳಲೋ ಬೇಡವೋ.
ಅವ್ವನ ಕೈಗೆ ಸಂಘದ ಪುಸ್ತಕ ಬಂದ ವರ್ಷ
ಗೆಳತಿ ಸುಗಲಾಬಾಯಿ ಮೂರು ಕಂತು ತಪ್ಪಿಸಿದ್ದಳು.
"ಲೆಕ್ಕ ಅಂದ್ರ ಲೆಕ್ಕ" ಎಂದು
ಕೆಂಪು ಶಾಯಿ ತೆಗೆದವಳು ಇವಳೇ.
ಆ ರಾತ್ರಿ ಉಣ್ಣಲಿಲ್ಲ, ಖರೆ.
ಅಳಿಸಲೂ ಇಲ್ಲ.

ಅಪ್ಪನ ತಮ್ಮ ಸಾಹುಕಾರರ ಗಲ್ಲಾಕ್ಕೆ ಕೈ ಹಾಕಿ
ನಮ್ಮ ಬಚ್ಚಲ ಕಲ್ಲಿನ ಮೇಲೆ ಬಂದು ಕುಂತಾಗ
ಅಪ್ಪ ವಹಿ ಹುಡುಕಲಿಲ್ಲ.
ಎಷ್ಟು ಹೊತ್ತೋ ಸುಮ್ಮನಿದ್ದು
"ಉಂಡೀಯೇನೋ?" ಅಂದ.

ಯಾವ ಬಾಗಿಲಿಗೆ ಬಂತು ಎಂದು ಕೇಳುವ ಚೌಕ
ನಿನ್ನ ಫಾರಮಿನಲ್ಲಿ ಇಲ್ಲ ತಂಗಿ,
ಎನ್ನಬೇಕೆಂದಿದ್ದೆ. ಅಷ್ಟರಲ್ಲಿ
"ನಿಮ್ಮದು?" ಎಂದು ನನ್ನತ್ತ ತಿರುಗಿದಳು.

ಶಾಲೆಯಲ್ಲಿ ಬಿಸಿಯೂಟದ ಕೋಣೆಯ ಬೀಗದಕೈ
ಈಗ ನನ್ನ ಸೊಂಟದಲ್ಲಿದೆ.
ಅಡುಗೆಗೆ ಬರುವವಳು ಜಗದೇವಿಯ ಮಗಳು.
ಮೊನ್ನೆ ಶುಕ್ರವಾರ ಹೊರಟಾಗ
ಅವಳ ಕೈಚೀಲ ಒಂದು ಕಡೆ ಜಗ್ಗುತ್ತಿತ್ತು.
ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು.

ನಮ್ಮ ಶಾಲೆಗೆ ಇರುವುದು ಒಂದೇ ಬಾಗಿಲು.

"ನಂದೇನೂ ಇಲ್ಲ, ಖಾಲಿ ಬಿಡ್ರಿ" ಎಂದೆ.