ಅಂಚಿಗೆ ಬಿಟ್ಟ ಜಾಗ

ವಾಟರ್‌ಲೂ, ಒಂಟಾರಿಯೊ. ಎಪ್ಪತ್ತೊಂದರ ಫೆಬ್ರವರಿ.
ರಾತ್ರಿ ಎರಡು ಗಂಟೆ, ಕಂಪ್ಯೂಟರ್ ಕೇಂದ್ರದ ಸರದಿ,
ಎದೆಗವಚಿದ ಡಬ್ಬದಲ್ಲಿ ಆರುನೂರು ಕಾರ್ಡು,
ಒಂದೊಂದರಲ್ಲೂ ಹುಳ ಕೊರೆದಂತೆ ಸಾಲು ತೂತು.

ಮುಂದೆ ನಿಂತವಳು ಐನೋ ಲಹ್ಟಿ,
ಸಡ್‌ಬರಿಯ ನಿಕಲ್ ಗಣಿಯಲ್ಲಿ ದುಡಿದವನ ಮಗಳು.
ಮೆಟ್ಟಿಲ ಮೇಲೆ ಜಾರಿದಳು ನೋಡಿ,
ಹಿಮದ ಮೇಲೆ ಚೆಲ್ಲಿತು ಅವಳ ಇಡೀ ಪ್ರೋಗ್ರಾಮು
ತಲೆ ಯಾವುದು ಬಾಲ ಯಾವುದು ತಿಳಿಯದಂತೆ.
ಮಂಡಿಯೂರಿ ಹೆಕ್ಕಿದೆವು,
ಕೈ ಮರಗಟ್ಟಿತು, ನಗು ಮಾತ್ರ ನಿಲ್ಲಲಿಲ್ಲ.

ನಾನೂರ ಹನ್ನೆರಡನೆಯದು ಸಿಗಲೇ ಇಲ್ಲ.

ಅದಿಲ್ಲದೆಯೂ ಓಡಿತು ಯಂತ್ರ.
ಚೊಕ್ಕ ಅಂಕಣ, ಆರಾರು ದಶಮಾಂಶ,
ಎಲ್ಲವೂ ತಪ್ಪು.
ಏಪ್ರಿಲ್‌ನಲ್ಲಿ ಹಿಮ ಕರಗಿದಾಗ
ಒಂದು ಹೆಬ್ಬಾತು ಅದರ ಮೇಲೆ ಕಾಲೂರಿ
ಬುಸುಗುಡುತ್ತ ನಿಂತಿತ್ತು, ತನ್ನದೇ ಆಸ್ತಿ ಎಂಬಂತೆ.
ಬಿಡಿಸಿಕೊಂಡು ಬೆಳಕಿಗೆ ಹಿಡಿದು ಓದಿದಳು ಐನೋ:
ಭಾಜಕ ಸೊನ್ನೆಯಾದರೆ ಇಲ್ಲಿಂದ ಹೊರಗೆ ಹೋಗು.

ಪ್ರೊಫೆಸರ್ ವಾರ್ಕೊನಿ ಬುಡಾಪೆಸ್ಟ್ ಬಿಟ್ಟು ಬರುವಾಗ
ತಂದದ್ದು ಒಂದು ಕೋಟು, ಹಲ್ಲುಜ್ಜುವ ಬ್ರಷ್ಷು,
ಮತ್ತು ಯಾವ ಮಾತನ್ನೂ ಹಾಗೇ ನುಂಗದ ಗಂಟಲು.
ಹಾಳೆಯ ಎಡಕ್ಕೆ ಮೂರು ಬೆರಳು ಬಿಡಿ ಎನ್ನುವರು,
'ಅಷ್ಟು ನನ್ನ ಹೊಲ.'
ಆ ಹೊಲದಲ್ಲಿ ಕೆಂಪು ಶಾಯಿಯ ಒಂದೇ ಬೆಳೆ:
ಏಕೆ?
'ಸ್ಪಷ್ಟವಾಗಿಯೇ' ಎಂದಲ್ಲಿ ಏಕೆ,
'ಆದ್ದರಿಂದ' ಎಂದಲ್ಲಿ ಏಕೆ,
ಒಮ್ಮೆ ನಾನೇನೂ ಬರೆಯದೆ ಬಿಟ್ಟ
ಖಾಲಿ ಸಾಲಿನ ಪಕ್ಕದಲ್ಲೂ.

ಅಪ್ಪನದೂ ಅದೇ ಚಾಳಿ.
ಎಲ್ಮೈರಾ ಕಡೆಯ ಮೆನ್ನೊನೈಟರು ನಾವು,
ಅಜ್ಜನ ಕಾಲಕ್ಕೆ ಕುದುರೆಗಾಡಿ ಬಿಟ್ಟವರು.
ತೊರೆಯ ಮಗ್ಗುಲಿಗೆ ಹತ್ತು ಹೆಜ್ಜೆ
ಅಪ್ಪ ನೇಗಿಲು ಸೋಕಿಸುತ್ತಿರಲಿಲ್ಲ.
ಅಲ್ಲೂ ಉತ್ತರೆ ಮೂವತ್ತು ಮೂಟೆ ಟರ್ನಿಪ್ ಹೆಚ್ಚು,
ಹದಿನೈದರಲ್ಲೇ ಲೆಕ್ಕ ಹಾಕಿ ತೋರಿಸಿದ್ದೆ.
ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡು
'ಲೆಕ್ಕ ಸರಿಯಿದೆ ವೆಲ್ಮಾ,
ತೊರೆಗೆ ಓದಲು ಬರುವುದಿಲ್ಲ' ಎಂದರು.

ಐನೋ ಗಣಿತದಲ್ಲೇ ಉಳಿದಳು.
ನಾನು ಟೊರಾಂಟೊಗೆ ರೈಲು ಹತ್ತಿದೆ,
ಬೇ ಸ್ಟ್ರೀಟಿನ ಹದಿನಾಲ್ಕನೇ ಮಹಡಿಗೆ, ಪರರ ದುಡ್ಡು ಕಾಯಲು.
ಸಂದರ್ಶನದಲ್ಲಿ ಕೇಳಿದರು, ಕಲಿತದ್ದೇನು?
ಓಡುವ ಪ್ರೋಗ್ರಾಮು ಎಂದಾದರೂ ನಿಲ್ಲುವುದೋ ಇಲ್ಲವೋ
ಎಲ್ಲ ಪ್ರೋಗ್ರಾಮಿಗೂ ಹೇಳಬಲ್ಲ ಉಪಾಯವಿಲ್ಲ ಎಂದು
ಸಾಧಿಸಿ ತೋರಿಸಬಲ್ಲೆ, ಎಂದೆ.
ಒಬ್ಬ ಕೆಮ್ಮಿದ. ಇನ್ನೊಬ್ಬ
'ಏರುವ ಬೆಲೆಗೂ ಇದು ಅನ್ವಯವೇ?' ಎಂದ.
ಇಲ್ಲ ಎಂದೆ. ಬೆಲೆ ನಿಲ್ಲುತ್ತದೆ.
ಕೆಲಸ ಸಿಕ್ಕಿತು.

ಹನ್ನೆರಡು ವರ್ಷ ಚೆನ್ನಾಗಿಯೇ ನಡೆಯಿತು.
ಗೆಲುವಿನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಹದಿಮೂರನೆಯದರಲ್ಲಿ ಥಂಡರ್ ಬೇ ಕಡೆಯ ಕಾಗದದ ಗಿರಣಿ.
ಒಂದೇ ಪುಟದಲ್ಲಿ ಮುಗಿಸಿ ಎಂದಿದ್ದರು ಮೇಲಿನವರು,
ಟೈಪಿಸ್ಟ್ ಅಂಚನ್ನು ಒತ್ತರಿಸಿದಳು, ಹಿಡಿಸಿತು.
ಮೂರನೇ ಸಾಲಿನಲ್ಲಿ ನಾನೇ, ನನ್ನ ಕೈಯಾರೆ,
'ಸ್ಪಷ್ಟವಾಗಿಯೇ' ಎಂದು ಬರೆದಿದ್ದೆ.
ಪಕ್ಕದಲ್ಲಿ ಯಾರೂ ಏನೂ ಗೀಚಲಿಲ್ಲ.
ಗೀಚಲು ಜಾಗವೂ ಇರಲಿಲ್ಲ.

ಗಿರಣಿಗೆ ಬೀಗ ಬಿತ್ತು. ಹೋದ ದುಡ್ಡು
ಶಾಲಾಮಾಸ್ತರರ ಪಿಂಚಣಿಯದು.
ಓವೆನ್ ಸೌಂಡಿನಿಂದ ಒಬ್ಬಾಕೆ ಪತ್ರ ಬರೆದಿದ್ದರು,
ಬೈಗುಳವಿಲ್ಲ, ಬರೀ ಕೂಡಿಸಿ ಕಳೆದ ಲೆಕ್ಕ,
ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ ದುಂಡು ಅಕ್ಷರದಲ್ಲಿ.
ಅದನ್ನು ಐನೋಗೆ ಓದಿ ಹೇಳಿದೆ ಫೋನಿನಲ್ಲಿ.
ಆಚೆ ತುಂಬ ಹೊತ್ತು ಮೌನ.
ಮುಂದಿನ ವಾರ ಅಂಚೆಯಲ್ಲಿ ಬಂತು
ಹೆಬ್ಬಾತಿನ ಕೆಸರುಗಾಲಿನ ಕಲೆ ಇನ್ನೂ ಹೋಗಿರದ
ನಾನೂರ ಹನ್ನೆರಡು.

ಈಗಲೂ ವಾರಕ್ಕೆರಡು ದಿನ ಆಫೀಸಿಗೆ ಹೋಗುತ್ತೇನೆ,
ಮಂಡಿ ನೋವು, ಲಿಫ್ಟು ನಿಧಾನ.
ಇವತ್ತು ಹೊಸ ಹುಡುಗ ಟಿಪ್ಪಣಿ ತಂದಿಟ್ಟ,
ಹನ್ನೊಂದು ಪುಟ, ಚೊಕ್ಕ ಅಂಕಣ,
ತುದಿಯಿಂದ ತುದಿಗೆ ಅಕ್ಷರ.
ಕತ್ತರಿ ಕೇಳಿದೆ, ಅಂಟು ಕೇಳಿದೆ.
ಅವನು ನೋಡುತ್ತಲೇ ಇದ್ದ, ಮುದುಕಿಗೆ ಮರುಳೋ ಎಂದು.
ಬಿಳಿ ಪಟ್ಟಿ ಕತ್ತರಿಸಿ ಎಡಕ್ಕೆ ಅಂಟಿಸಿದೆ,
ಮೂರು ಬೆರಳಗಲ, ಪುಟಪುಟಕ್ಕೂ.
ಒಣಗಲು ಬಿಟ್ಟು
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.