ಬಳೆಯಳತೆ

ಕೂಳೂರು ಸೇತುವೆಯ ಈಚೆ, ಮೀನಿನ ಲಾರಿಗಳು
ಉಪ್ಪುನೀರು ಸುರಿಸುತ್ತ ಹೋಗುವ ತಿರುವಿನಲ್ಲಿ
ಹಸನಬ್ಬರ ಶೆಡ್ಡು.
ಅಲ್ಲಿ ತುಕ್ಕು ಹೇಳಿಕೇಳಿ ಬರುವುದಿಲ್ಲ.

ಮಿನೇಜಸರ ಕಾಂಟೆಸ್ಸಾ ಸ್ಟ್ಯಾಂಡುಗಳ ಮೇಲೆ,
ಗೇರ್‌ಬಾಕ್ಸು ಕೆಳಗೆ, ಗೋಣಿಯ ಮೇಲೆ ಮಗ್ಗುಲಾಗಿ.
ಹಳೆಯ ಫೋರ್ಕು ಬೇಡವಂತೆ ಇನ್ನು;
ಎಣ್ಣೆಯ ಒತ್ತಡಕ್ಕೆ ಮುಂದೆ ಸರಿದು
ಕ್ಲಚ್ಚಿನ ಬೆರಳುಗಳನ್ನು ಒತ್ತುವ ಹೊಸ ಬೇರಿಂಗು
ರಟ್ಟಿನ ಪೆಟ್ಟಿಗೆಯಲ್ಲಿ ಕಾದಿತ್ತು.

"ಮೊದಲು ಅಳೆ" ಅಂದರು.
ಗಿರಾಕಿಗೆ ಕನ್ನಡ, ನನಗೆ ತುಳು,
ಕಳಚದ ನಟ್ಟಿಗೆ ಬ್ಯಾರಿ, ಅದು ಅವರ ಪದ್ಧತಿ.
ಉಕ್ಕಿನ ಪಟ್ಟಿ ಅಡ್ಡ ಇಟ್ಟು
ಬೆಲ್‌ಹೌಸಿಂಗಿನ ಬಾಯಿಂದ ಬೆರಳುಗಳ ತನಕ: ಅರವತ್ತೆರಡು.
ಗೇರ್‌ಬಾಕ್ಸಿನ ಮುಖದಿಂದ ಬೇರಿಂಗಿನ ಮೂತಿಯ ತನಕ: ಐವತ್ನಾಲ್ಕು.
ಉಳಿದದ್ದು ಎಂಟು. ಇರಬೇಕಾದ್ದು ನಾಲ್ಕು.
ತಾಗಿಕೊಂಡಿದ್ದರೆ ಸುಟ್ಟುಹೋಗುತ್ತದೆ,
ದೂರವಾದರೆ ಎಟುಕಿಸಲು ಹೋಗಿ
ತನ್ನ ಮನೆಯಿಂದಲೇ ಹೊರಗೆ ಬೀಳುತ್ತದೆ.
ಇದರ ಮೇಲೆ ಅವರು ಗಂಡಹೆಂಡಿರ ಬಗ್ಗೆ
ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.
"ಎರಡು ಎಮ್ಮೆಮ್ಮಿನ ಶಿಮ್ಮು, ಎರಡು" ಅಂದರು.

ಶಿಮ್ಮೆಂದರೆ ಬಳೆಯೇ. ಅಷ್ಟೇ ದುಂಡು, ಅಷ್ಟೇ ಬಾಯಿ.
ಎರಡೂ ಕೈ ಬೇಕಿತ್ತು; ಮಣಿಕಟ್ಟಿಗೆ ಏರಿಸಿದೆ.
ಆಮೇಲೆ ಗೇರ್‌ಬಾಕ್ಸು ಎತ್ತುವ ಗಡಿಬಿಡಿ,
ಜಾಕಿನ ಕೀರಲು, ಹಿಡಿ, ಹಿಡಿ, ಒಂಚೂರು ಎಡಕ್ಕೆ,
ಶಾಫ್ಟು ಹಲ್ಲಿಗೆ ಹಲ್ಲು ಕೂಡಿ ಒಳಗೆ ಜಾರಿದ ಸುಖ.

ಒತ್ತ್‌ಲ.
ಪತ್ತ್‌ಲ.
ಬುಡ್ಲ.
ನಾನು ಸೀಟಿನಲ್ಲಿ, ಅವರು ಅಡಿಯಲ್ಲಿ, ಮುಖ ಕಾಣದು.
ನಲವತ್ತು ವರ್ಷದ ಗ್ರೈಂಡರು ಅವರ ಕಿವಿ ತಿಂದಿದೆ,
ಒತ್ತಿ ಹಿಡಿದಿದ್ದೇನೆ ಎನ್ನಲು
ಬಾಗಿಲಿಗೆ ಸ್ಪ್ಯಾನರಿನ ಒಂದು ಪೆಟ್ಟು.
ನಿಪ್ಪಲ್ಲು ತೆರೆದು, ಮುಚ್ಚಿ, ಮತ್ತೆ ತೆರೆದು,
ಜೀರಾ ಸೋಡಾದ ಬಾಟಲಿಯಲ್ಲಿ ಗುಳ್ಳೆಗಳು ತೀರಿದವು.
ಮೆತ್ತಗಿದ್ದ ಪೆಡಲು ಕಾಲಿಗೆ ಎದೆ ಕೊಟ್ಟಿತು.
ಗೆದ್ದೆ ಅಂದುಕೊಂಡೆ.

ಸುರತ್ಕಲ್ ಬಸ್ಸಿನಲ್ಲಿ ಚಿಲ್ಲರೆ ಹುಡುಕುವಾಗ
ಬಳೆಯೇ ತೊಡದ ನನ್ನ ಕೈಯಲ್ಲಿ ಬಳೆಯ ಸದ್ದು.
"ಹೊಸತಾ?" ಅಂದ ಕಂಡಕ್ಟರು.
ಪಣಂಬೂರು ದಾಟಿತ್ತು. ಶೆಡ್ಡಿಗೆ ಬೀಗ.
ಅವರಿಗೆ ಫೋನು ಕೇಳಿಸುವುದಿಲ್ಲ.

ಬೆಳಿಗ್ಗೆ ನನಗಿಂತ ಮೊದಲು ಮಿನೇಜಸ್ ಬಂದಿದ್ದರು.
ಖುಷಿಯಲ್ಲಿ ನಾಲ್ಕು ಸಲ ತಳದವರೆಗೆ ಒತ್ತಿದರಂತೆ.
ಸೀಲು ಹಾರಿ, ಎಣ್ಣೆ ಹರಿದು,
ನೆಲದ ಕೆಂಪು ಬಣ್ಣ ಚರ್ಮದ ಹಾಗೆ ಸುಲಿಯುತ್ತಿತ್ತು.
"ಯಾರು ಮಾಡಿದ್ದು ಇದು?"
"ಅಳತೆ ತಪ್ಪಿತು" ಅಂದರು ಹಸನಬ್ಬ.
ಕನ್ನಡದಲ್ಲಿ ಹಾಗೊಂದು ಹಿಂಬಾಗಿಲಿದೆ,
ಮಾಡಿದವರು ತಲೆ ತಗ್ಗಿಸಿ ದಾಟಬಹುದು.
ಅವರು ಹೋದ ಮೇಲೆ, ಯಾವ ಭಾಷೆಯೂ ಇಲ್ಲದೆ
ನನ್ನ ಕಡೆ ಅಂಗೈ ಚಾಚಿದರು.

ರಾತ್ರಿಯೆಲ್ಲ ಸೋಪು ಹಚ್ಚಿದ್ದೆ, ಬಂದಿರಲಿಲ್ಲ.
ಏರುವಾಗ ಇದ್ದ ಕೈ ಇಳಿಯುವಾಗ ಇರುವುದಿಲ್ಲ.
ಗ್ರೀಸಿನ ಡಬ್ಬಿ ಕಾಲಿನಿಂದ ನನ್ನತ್ತ ತಳ್ಳಿದರು.
ಹೆಬ್ಬೆರಳು ಮಡಚಿ, ಉಸಿರು ಹಿಡಿದು,
ಒಂದು.
ಎರಡು.
ವರ್ನಿಯರ್ ಇಟ್ಟು ಎರಡರ ದಪ್ಪವನ್ನೂ ನೋಡಿದರು,
ನನ್ನ ಕೈ ಕೆಂಪಾದದ್ದನ್ನು ನೋಡಲಿಲ್ಲ.

"ಸೀಲಿಗೆ ಬಂದರಿಗೆ ಹೋಗಿ ಬಾ" ಅಂದರು ತುಳುವಿನಲ್ಲಿ,
"ಬರುವಾಗ ಬನ್ಸು ನಾಲ್ಕು. ಬಿಸಿ ಇದ್ದರೆ ಮಾತ್ರ."